ಮಾವನ ಸ್ವರ, ಕುದುರೆಯ ಮಂಡೆ

ಕುಂಬ್ರದ ಹತ್ತಿರ ನನ್ನ ಸೋದರಮಾವನದ್ದೊಂದು ನರ್ಸರಿ. ರಂಬೂಟಾನ್, ಜಾಯಿಕಾಯಿ, ಕಾಳುಮೆಣಸಿನ ಗಿಡಗಳ ಹಿಂದಿನ ಶೆಡ್ಡಿನಲ್ಲಿ ಕಂದು ಬಣ್ಣದ ಒಂದು ಹೆಣ್ಣು ಕುದುರೆ. ಸುಳ್ಯದ ಕಡೆಯ ಯಾವುದೋ ರೆಸಾರ್ಟು ಮುಚ್ಚುವಾಗ ಮಾವ ಅದನ್ನು ತಂದದ್ದು. ಗಿಡಕ್ಕೆಂದು ಬಂದವರು ಕುದುರೆಯನ್ನು ನೋಡಿ, ಮಾವನನ್ನು ನೋಡಿ, ಇವರಲ್ಲಿ ಯಾರು ಯಾರನ್ನು ಸಾಕುತ್ತಿದ್ದಾರೆ ಎಂದು ಯೋಚಿಸುತ್ತಾರೆ. ಮಾವ ಅಷ್ಟು ಸಪೂರ. ನಾನು ಅಲ್ಲಿ ಗಿಡ ಮಾರುತ್ತೇನೆ, ಪುರುಸೊತ್ತಿದ್ದಾಗ ಶಾಲೆಗಳ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಮಾಡುತ್ತೇನೆ. ಎರಡರಲ್ಲೂ ಸಂಪಾದನೆ ಒಂದೇ, ಕಾಫಿ ತಿಂಡಿ.

ಹೋದ ಬೇಸಿಗೆಯಲ್ಲಿ ಕುದುರೆ ಮಂಡೆ ಎತ್ತಿ ಎತ್ತಿ ಹಾಕಲು ಶುರುಮಾಡಿತು. ಮೂಗಿನೊಳಗೆ ಕಣಜ ಹೊಕ್ಕ ಹಾಗೆ, ಹೇಳದೆ ಕೇಳದೆ ಒಂದು ಝಾಡು. ಸವಾರಿಯಲ್ಲಿದ್ದಾಗ ಜಾಸ್ತಿ, ಬಿಸಿಲಲ್ಲಿ ಇನ್ನೂ ಜಾಸ್ತಿ. ಒಮ್ಮೆ ಅದರ ಮಂಡೆ ಮಾವನ ಮೂಗಿಗೆ ಬಡಿದು ಮೂಗು ಬದನೆಕಾಯಿಯಾಯಿತು. ಅಂದಿನಿಂದ ನಮ್ಮಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಸಂಶಯ. ಅತ್ತೆಗೆ ಮಾವ ಹಚ್ಚುವ ತಲೆಎಣ್ಣೆಯ ಮೇಲೆ. ಮಾವನಿಗೆ ನನ್ನ ಮೇಲೆ.

"ನೀನೇ ಎಂತದೋ ಕಲಿಸಿದ್ದಿ ಅದಕ್ಕೆ."

"ನಾನು ಕಲಿಸಿದ್ದಾದರೆ ಜನ ಚಪ್ಪಾಳೆ ತಟ್ಟುವವರೆಗೆ ಕಾಯ್ತಿತ್ತು, ಮಾವ."

ನನ್ನ ಸಂಶಯ ಕುದುರೆಯ ಮೇಲೆಯೇ. ನಟನೆ ಮಾಡುವವನಿಗೆ ಇನ್ನೊಬ್ಬರ ನಟನೆ ಗೊತ್ತಾಗುತ್ತದೆ ಎಂಬ ಜಂಬ ನನಗೆ. ಕೆಲಸ ತಪ್ಪಿಸಲು ನಾನು ಹೊಟ್ಟೆನೋವಿನ ಪಾತ್ರ ಎಷ್ಟು ಸಲ ಮಾಡಿಲ್ಲ?

ಡಾಕ್ಟರು ಬಂದು ಹಲ್ಲು, ಕಿವಿ, ಕಣ್ಣು ಎಲ್ಲ ನೋಡಿದರು. ಮುಖದ ನರದ ತೊಂದರೆ ಎಂದರು. ನಮಗೆ ತಾಗಿದ್ದೂ ತಿಳಿಯದ ಗಾಳಿ, ಬೆಳಕು ಅದರ ಮುಖದಲ್ಲಿ ಕರೆಂಟಿನ ಹಾಗೆ ಹರಿಯುತ್ತದಂತೆ. "ನಾಟಕ ಅಲ್ಲ ಮಾರಾಯ, ನೋವು," ಎಂದು ನನ್ನನ್ನೇ ನೋಡಿ ಹೇಳಿದರು. 

ಮಳೆಗಾಲವಿಡೀ ವಿಶ್ರಾಂತಿ, ಮದ್ದು, ಗಾಳಿ ತಾಗದಂತೆ ಮೂಗಿಗೆ ಬಲೆ. ಬಾವಲಿ ತಿನ್ನದಂತೆ ರಂಬೂಟಾನ್ ಹಣ್ಣಿಗೆ ಕಟ್ಟುವ ಬಲೆಯನ್ನೇ ಅತ್ತೆ ಹೊಲಿದು ಕೊಟ್ಟರು. ಕುದುರೆಯ ಮೂತಿ ಮಾರಾಟಕ್ಕಿಟ್ಟ ಹಣ್ಣಿನಂತೆ ಕಾಣುತ್ತಿತ್ತು.

ಗಿರಾಕಿಯೂ ಬಂದ. ಆಲಂಕಾರು ಪೇಟೆಯಲ್ಲಿ ಮದುವೆ ಮೆರವಣಿಗೆಗೆ ಸಾರೋಟು, ಬ್ಯಾಂಡು, ಲೈಟು ಬಾಡಿಗೆಗೆ ಕೊಡುವವನು. ಕುದುರೆಯ ಸುತ್ತ ಒಂದು ಸುತ್ತು ಹೊಡೆದು, "ಸವಾರಿಗೆ ಆಗುದಿಲ್ಲಾದರೆ ನನಗೆ ಕೊಡಿ. ಸಾರೋಟು ಎಳೆದುಕೊಂಡು ಮೆಲ್ಲ ನಡೆದರೆ ಸಾಕು," ಎಂದ. ದಯೆಯ ಮಾತು. ಆದರೆ ಬೆಳಕು ತಾಗಿದರೆ ನರಳುವ ಮುಖಕ್ಕೆ ಮೆರವಣಿಗೆಯ ಫೋಕಸ್ ಲೈಟು! ಅವನ ನಗುವೂ ನನಗೆ ಬಾಡಿಗೆಯದ್ದೆನಿಸಿತು. ಮಾವ ಮಾತ್ರ, ಮಳೆ ಬಿಟ್ಟ ಮೇಲೆ ಹತ್ತಿ ನೋಡುವುದು, ಆಗದಿದ್ದರೆ ಕೊಡುವುದು ಎಂದುಬಿಟ್ಟರು. ಹತ್ತಲು ಆಗದ ಕುದುರೆಯನ್ನು ಸುಮ್ಮನೆ ನಿಲ್ಲಿಸಿಕೊಳ್ಳುವ ಶಕ್ತಿ ನರ್ಸರಿಗೆ ಇರಲಿಲ್ಲ.

ಮಳೆ ಬಿಟ್ಟಿತು. ಡಾಕ್ಟರು ಹೇಳಿದಂತೆ ಮೊದಲು ನೆರಳಲ್ಲಿ ಹಗ್ಗ ಹಿಡಿದು ನಡೆಸಿದೆ. ಆಮೇಲೆ ಜೀನು ಹಾಕಿ ನಡೆಸಿದೆ. ಒಂದು ಝಾಡಿಲ್ಲ. ಮಾವ ಹತ್ತಲು ಬಂದ ದಿನ, ಎಂದಿನಂತೆ ಗಂಟಲು ಕೆರೆದು "ಹೋಗುವನಾ ಮಾರಾಯ್ತಿ?" ಎಂದು ಕಾಲು ಎತ್ತುವ ಮೊದಲೇ ಮಂಡೆ ಮೇಲಕ್ಕೆ ಹಾರಿತು.

"ನೋಡು, ಪುನಃ ಸುರು," ಎಂದು ಮಾವ ಹಿಂದೆ ಸರಿದು ಆಲಂಕಾರಿನವನಿಗೆ ಫೋನು ಮಾಡಿದರು.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಅತ್ತೆಯನ್ನು ನಗಿಸಲು ಮಾವನ ಪಾತ್ರ ಮಾಡುತ್ತಿದ್ದೆ. ಮೊದಲು ಆ ಗಂಟಲು ಕೆರೆಯುವ ಸದ್ದು, ಮತ್ತೆ "ಹೋಗುವನಾ ಮಾರಾಯ್ತಿ?" ಅತ್ತೆ ನಕ್ಕರು. ಹಿಂದೆ ಕುದುರೆ ಮಂಡೆ ಝಾಡಿಸಿತು. ಬಿಸಿಲಿಲ್ಲ, ಗಾಳಿಯಿಲ್ಲ, ಜೀನಿಲ್ಲ, ಮಾವನೇ ಇಲ್ಲ.

ಸಂಶಯ ಬಂತು. ಡಾಕ್ಟರ ಸ್ವರ ಮಾಡಿದೆ. ಏನೂ ಇಲ್ಲ. ಆಲಂಕಾರಿನವನ ಸ್ವರಕ್ಕೆ ಕಿವಿ ಮಾತ್ರ ತಿರುಗಿತು. ಅತ್ತೆಯ ಸ್ವರಕ್ಕೆ ಹುಲ್ಲು ಜಗಿಯುತ್ತಲೇ ಇತ್ತು.

"ನನ್ನ ಮಾತಿಗೆ ಈ ಮನೆಯಲ್ಲಿ ಅಷ್ಟೇ ಬೆಲೆ," ಎಂದರು ಅತ್ತೆ.

ಪುನಃ ಮಾವನ ಸ್ವರ. ಪುನಃ ಝಾಡು.

ಡಾಕ್ಟರಿಗೆ ಫೋನಿಸಿದೆ. ನೋವು ತಗ್ಗಿದರೂ ಅದರ ಹೆದರಿಕೆ ಉಳಿದಿರಬಹುದು, ಆ ಸ್ವರ ಕೇಳಿದಾಗೆಲ್ಲ ಸವಾರಿ, ಸವಾರಿ ಎಂದರೆ ನೋವು ಎಂದು ಅದು ಲೆಕ್ಕ ಹಾಕಿರಬಹುದು ಎಂದರು. "ಗ್ಯಾರಂಟಿ ಕೇಳ್ಬೇಡ. ಮಾತಾಡದೆ ಹತ್ತಿ ನೋಡ್ಲಿ. ಝಾಡಿಸಿದರೆ ಕೂಡಲೇ ಇಳಿಬೇಕು."

ಮಾವನಿಗೆ ಹೇಳುವುದು ಮಿಮಿಕ್ರಿಗಿಂತ ಕಷ್ಟವಾಯಿತು. ಗಿಡಗಳ ಹತ್ತಿರವೂ ಮಾತಾಡುವ ಮನುಷ್ಯ ಅವರು.

"ನನ್ನ ಸ್ವರ ಕೇಳಿದರೆ ಅದಕ್ಕೆ ಹೆದರಿಕೆಯಾ?" ಎಂದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ನಂಬಲು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು.

ಮರುದಿನ ಸಂಜೆ ಮೋಡ ಕವಿದಿತ್ತು. ಆಲಂಕಾರಿನವನು ಪಿಕಪ್ಪು ತಂದು ಗೇಟಿನಲ್ಲಿ ನಿಲ್ಲಿಸಿದ್ದ. ಮಾವ ತುಟಿ ಬಿಗಿದುಕೊಂಡು ಹತ್ತಿದರು. ಹಗ್ಗ ನನ್ನ ಕೈಯಲ್ಲಿ. "ನಡಿ" ಎನ್ನಬೇಕಾದವನು ನಾನು. ಅದೂ ಸ್ವಂತ ಸ್ವರದಲ್ಲಿ! ಹುಡುಕಿದರೆ ಅದು ಎಲ್ಲಿಟ್ಟಿದ್ದೇನೋ ಸಿಗಲೊಲ್ಲದು. ಕೊನೆಗೆ ಹೊರಟದ್ದು ಕೀರಲು ಸ್ವರ. ಆಲಂಕಾರಿನವನು ನಕ್ಕ. ಕುದುರೆ ನಡೆಯಿತು.

ಹಲಸಿನ ಮರದವರೆಗೆ ಹೋದೆವು, ತಿರುಗಿದೆವು. ಗೇಟಿನ ಹತ್ತಿರ ಬರುವಾಗ ಮೋಡ ಸರಿದು ಬಿಸಿಲಿನ ತುಂಡೊಂದು ಬಿತ್ತು. ಕುದುರೆ ಮೂಗು ಊದಿ, ಒಮ್ಮೆ ಮಂಡೆ ಅಲುಗಿಸಿತು.

"ಕಂಡಿರಾ!" ಎಂದ ಆಲಂಕಾರಿನವನು.

"ಅದು ನೊಣ," ಎಂದರು ಅತ್ತೆ.

ನೊಣವೋ ನರವೋ, ಕುದುರೆಯನ್ನು ಬಿಟ್ಟು ಯಾರಿಗೂ ತಿಳಿಯದು. ಮಾವ ಡಾಕ್ಟರು ಹೇಳಿದಂತೆ ಕೂಡಲೇ ಇಳಿದರು. ಆಲಂಕಾರಿನವನು ಪಿಕಪ್ಪಿನ ಹಿಂಬಾಗಿಲು ತೆರೆದ. ಮಾವ ಹೋಗಿ ಅದನ್ನು ಮುಚ್ಚಿದರು. ಇಲ್ಲ ಎಂದು ಮಂಡೆ ಆಡಿಸಿದರು, ಅಷ್ಟೆ.

ಈಗಲೂ ಸವಾರಿ ಹಲಸಿನ ಮರದವರೆಗೇ, ಮೋಡವಿದ್ದರೆ ಮಾತ್ರ, ಮಾವ ಮೂಕ. ಬೆಳಿಗ್ಗೆ ಮಾತ್ರ ಜೀನು, ಲಗಾಮು ಯಾವುದೂ ಇಲ್ಲದೆ ಶೆಡ್ಡಿನ ಹೊರಗೆ ನಿಂತು, ಕೈಯಲ್ಲಿ ಹುಲ್ಲು ಹಿಡಿದು, ಸಣ್ಣಕೆ ಮಾತಾಡುತ್ತಾರೆ. ಕುದುರೆ ಮಂಡೆ ಆಡಿಸುವುದು ಕಡಿಮೆಯಾಗಿದೆ. ಆದರೆ ಮಾವನ ಸ್ವರ ಕೇಳಿದ ಕೂಡಲೇ ಅದರ ಒಂದು ಕಿವಿ ಅವರ ಕಡೆ ತಿರುಗಿದರೆ, ಇನ್ನೊಂದು, ಆ ಸ್ವರ ಯಾರದ್ದೆಂಬ ಸಂಶಯದಲ್ಲಿ, ನನ್ನನ್ನು ಹುಡುಕುತ್ತದೆ.