ಆಳಂದದಿಂದ ಜೇವರ್ಗಿಗೆ ತೇಲುವ ಬಂಡಿ

ಹೋದ ಭಾನುವಾರ ನಾನು ಆಳಂದದಿಂದ ಅಫಜಲಪುರಕ್ಕೆ ಎರಡೇ ನಿಮಿಷದಲ್ಲಿ ಹೋದೆ. ಗಾಲಿಯೇ ಇಲ್ಲದ ಬಂಡಿಯಲ್ಲಿ! ಅಲ್ಲಿಂದ ಜೇವರ್ಗಿಗೆ ಹೊರಟವನು ಭೀಮಾ ನದಿಗೆ ಬಿದ್ದು ಸತ್ತೆ. ಸತ್ತ ಮೇಲೆ ಚಹಾ ಕುಡಿದೆ.

ಗಾಬರಿಯಾಗಬೇಡಿ. ಇದು ವಿಡಿಯೋ ಗೇಮ್.

ಮಾಡಿದವಳು ನನ್ನ ಅಕ್ಕನ ಮಗಳು ಮಹಾದೇವಿ. ಆಳಂದದ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಾಳೆ. ಹಿಂದೆ ಕಂಪನಿ ಇಲ್ಲ, ತಂಡ ಇಲ್ಲ, ಕೇಳಿ ತಿಳಿಯೋಣವೆಂದರೆ ಊರಲ್ಲಿ ಇದು ಗೊತ್ತಿರುವ ಇನ್ನೊಬ್ಬರಿಲ್ಲ. ಕ್ಲಾಸು ಮುಗಿದ ಮೇಲೆ, ಕರೆಂಟ್ ಇದ್ದಾಗ ಕೂತು ಒಬ್ಬಳೇ ಬರೆದಿದ್ದಾಳೆ. (ಕರೆಂಟ್ ಹೋದಾಗ ಹಾಳೆಯ ಮೇಲೆ ಬರೆದಿದ್ದಾಳೆ.) ನಾನೋ, ಮನೆಯ ವಿಸಿಆರ್‌ನಲ್ಲಿ ಟೈಮ್ ಸರಿಪಡಿಸಲಾಗದೆ ಅದರ ಮೇಲೆ ಬಟ್ಟೆ ಹೊದಿಸಿದ ಮನುಷ್ಯ!

ಗೇಮು ನಡೆಯುವುದು ಇನ್ನು ನೂರು ವರ್ಷದ ಮೇಲೆ. ನೆಲದಿಂದ ಮೊಳದೆತ್ತರ ತೇಲುವ ಬಂಡಿಗಳು ತೊಗರಿ ಹೊಲ ದಾಟಿ ಹಾರುತ್ತವೆ. ಆಳಂದದಿಂದ ಹೊರಟು ಜೇವರ್ಗಿಗೆ ಮೊದಲು ಮುಟ್ಟಿದವರು ಗೆದ್ದಂತೆ. ಹಳದಿ ಚುಕ್ಕಿ ಕಂಡರೆ ತೊಗರಿ ಹೂ ಬಿಟ್ಟಿದೆ ಅಂತ ಅರ್ಥ. ತಿರುವಿನಲ್ಲಿ ಬಂಡಿ ವಾಲಿದರೆ ಕುರ್ಚಿಯಲ್ಲಿ ನಾನೂ ವಾಲುತ್ತೇನೆ. ಇದನ್ನು ನಮ್ಮ ಹುಡುಗಿ ಮಾಡಿದಳೇ? ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ?

ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಇನ್‌ಸ್ಟಿಟ್ಯೂಟಿನ ಮಾಲೀಕ ವೀರಭದ್ರಪ್ಪನವರು, 'ಮುಂದಿನ ವಾರದಿಂದ ಸಂಜೀ ಮುಂದ ಅಕೌಂಟ್ಸ್ ಕ್ಲಾಸ್ ಅದ. ನಿನ್ನ ಆಟ ಸಾಕ್ ಮಾಡವ್ವ' ಅಂದಿದ್ದರಂತೆ. ಉಳಿದದ್ದು ಒಂದೇ ಆಸೆ. ಸೊಲ್ಲಾಪುರದಲ್ಲಿ ಗೇಮ್ ಪಾರ್ಲರ್ ನಡೆಸುವ ಸಾಹುಕಾರರೊಬ್ಬರು ಆ ದಿನ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮಾಲೀಕರೂ ಒಪ್ಪುತ್ತಾರೆ. ಇಲ್ಲದಿದ್ದರೆ ಕಂಪ್ಯೂಟರ್ ಕೈತಪ್ಪಿತು, ಗೇಮು ಅರ್ಧಕ್ಕೇ ನಿಂತಿತು.

ಸಾಹುಕಾರರು ಬಂದರು. 'ಯಾರರೆ ಹೊಸಬರು ಆಡ್ಲಿ, ನೋಡೋಣು' ಅಂದರು.

ಮಹಾದೇವಿಯ ಅಣ್ಣ ಶರಣಪ್ಪನನ್ನು ಕೂರಿಸಿದೆವು. ಆಳಂದ-ನಿಂಬರ್ಗಾ ನಡುವೆ ಮಂದಿ ಹತ್ತಿಸಿಕೊಂಡು ಜೀಪು ಓಡಿಸುವವನು. ಅವನಿಗಿಂತ ಡ್ರೈವರ್ ಬೇಕೆ?

ಶುರುವಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದ. ನಿಂಬರ್ಗಾ ಬಂತು. ಅಲ್ಲೂ ಇನ್ನು ಕೆಲವು ಊರುಗಳಲ್ಲೂ ಚಂದಕ್ಕಿರಲಿ ಅಂತ ಮಹಾದೇವಿ ದಾರಿಯ ಬದಿಗೆ ರೇಸು ನೋಡುವ ಜನರನ್ನು ನಿಲ್ಲಿಸಿದ್ದಳು. ಶರಣಪ್ಪ ಬ್ರೇಕ್ ಒತ್ತಿದ!

'ಯಾಕ ನಿಂತಿ ಅಣ್ಣಾ?'

'ಮಂದಿ ನಿಂತಾರಲ್ಲ ಬೇ.'

'ಅವ್ರು ಹತ್ತೋರಲ್ಲ, ನೋಡೋರು!'

'ಹೌದೇನು? ಆದ್ರೂ ಬರ್ತೀರೇನು ಅಂತ ಒಂದು ಮಾತು ಕೇಳಬೇಕೋ ಬ್ಯಾಡೋ?'

ಅಷ್ಟರಲ್ಲಿ ಉಳಿದ ಬಂಡಿಗಳೆಲ್ಲ ಹಾರಿ ಹೋದವು. ಚಹಾ ತಂದ ಹೋಟೆಲಿನ ಗಂಗಮ್ಮನನ್ನು ಕೂರಿಸಿದೆವು. ಅವಳೂ ನಿಲ್ಲಿಸಿದಳು. 'ಕೂಸಿನ ತಾಯಿ ನಿಂತಾಳ್ರಿ, ಬಿಟ್ಟು ಹ್ಯಾಂಗ ಹೋಗ್ಲಿ?' (ಕೂಸು ಎಲ್ಲಿತ್ತು? ನಾಲ್ಕು ಗೆರೆಯ ಗೊಂಬೆಯಲ್ಲಿ ಅವಳಿಗೆ ಕಂಡಿತ್ತು.)

ಸಾಹುಕಾರರು ಮಹಾದೇವಿಯ ಮೇಲೆ ಸಿಡಿಮಿಡಿಗೊಂಡರು. 'ಅಹೋ ತಾಯಿ, ಇದು ರೇಸ್ ಏನ್ರಿ, ಸರ್ವಿಸ್ ಗಾಡಿ ಏನ್ರಿ? ಆ ಮಂದೀನ ತೆಗೀರಿ. ನಾ ಊಟ ಮಾಡಿ ಬರ್ತೇನಿ. ತೆಗದಿದ್ರ ಇವತ್ತೇ ಒಯ್ತೇನಿ.'

ತೆಗೆಯುವುದೇನು ಕಷ್ಟ? ಕೆಲವು ಸಾಲು ಅಳಿಸಿದರೆ ಆಯಿತಂತೆ. 'ತೆಗದುಬಿಡವ್ವ' ಅಂತ ನಾನೂ ಅಂದೆ. ಮಹಾದೇವಿ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅವಳ ಬೆರಳು ಓಡತೊಡಗಿದವು. ಓಡುತ್ತಲೇ ಇದ್ದವು. ಅಳಿಸುವುದಕ್ಕೆ ಇಷ್ಟು ಹೊತ್ತು ಬೇಕೇ ಅಂತ ನನಗೆ ಅನುಮಾನ ಬಂತು.

ಸಾಹುಕಾರರು ಬಾಯಿ ಒರೆಸಿಕೊಳ್ಳುತ್ತ ಬಂದು ತಾವೇ ಆಡಲು ಕೂತರು. ಜನ ಅಲ್ಲೇ ನಿಂತಿದ್ದರು. ಸಾಹುಕಾರರು ಯಾರಿಗೂ ಬಂಡಿ ನಿಲ್ಲಿಸಲಿಲ್ಲ. ಜೇವರ್ಗಿಗೆ ಎಲ್ಲರಿಗಿಂತ ಮೊದಲು! ಆಗ ಪರದೆಯ ಮೇಲೆ, ಚುಕ್ಕಿಗೆ ಚುಕ್ಕಿ ಸೇರಿಸಿ ಅವಳೇ ಮಾಡಿದ ಕನ್ನಡ ಅಕ್ಷರಗಳಲ್ಲಿ ಬಂತು: ಬಂಡಿ ಖಾಲಿ. ಗೆಲುವಿಲ್ಲ.

'ಇದೇನ್ರಿ?'

'ನಿಂತೋರ್ನ ಹತ್ತಿಸ್ಕೊಂಡು, ವ್ಯಾಳ್ಯಾಕ್ಕ ಮುಟ್ಟಿದೋರು ಗೆದ್ದಂಗ್ರಿ. ನಿಲ್ಲಾಕೂ ಬೇಕು, ಓಡಾಕೂ ಬೇಕು. ಮೊದಲಿನಕಿಂತ ಕಠಿಣ ಅದ ನೋಡ್ರಿ.'

'ನಮ್ಮಲ್ಲಿ ಇದು ನಡ್ಯಾಂಗಿಲ್ಲ.'

'ಬ್ಯಾಡಂದ್ರ ಬಿಡ್ರಿ. ನಾ ಮಂದೀನ ತೆಗ್ಯಾಂಗಿಲ್ಲ.'

ಸಾಹುಕಾರರು ಸೊಲ್ಲಾಪುರದ ಬಸ್ಸು ಹತ್ತಿದರು. ಕಂಪ್ಯೂಟರೂ ಹೋದಂತೆಯೇ. ಇಷ್ಟು ಹಟ ಬೇಕಿತ್ತೇ?

ಸಂಜೆ ಬೀಗ ಹಾಕಲು ವೀರಭದ್ರಪ್ಪನವರು ಬಂದರು. ಕಂಪ್ಯೂಟರ್ ಸುತ್ತ ಅರ್ಧ ಬಸ್‌ಸ್ಟ್ಯಾಂಡೇ ನೆರೆದಿತ್ತು. 'ಸರೀರಿ ಅತ್ಲಾಗ' ಅಂತ ಗದರಿಸಿ, ಏನಿದು ನೋಡೋಣ ಅಂತ ತಾವೇ ಕೂತರು. ದಾರಿಯಲ್ಲಿ ಕಿಣ್ಣಿ ಸುಲ್ತಾನ ಅನ್ನುವ ಊರು ಬಂದದ್ದೇ ತಡ, ಬ್ರೇಕ್! 'ನಮ್ಮ ಬೀಗರ ಊರಪಾ. ನಿಲ್ಲಿಸ್ಲಿಲ್ಲಂದ್ರ ನಾಳೆ ಮಾತು ಬರ್ತದ.'

ಬೀಗರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಹೊತ್ತಾಯಿತು, ಸೋತರು. ಇನ್ನೊಮ್ಮೆ ಆಡಿದರು. ಮತ್ತೆ ಸೋತರು. ಮಹಾದೇವಿ ಹಿಂದೆಯೇ ನಿಂತಿದ್ದಳು. ಕೊನೆಗೆ ಬೆವರು ಒರೆಸಿಕೊಂಡು ಎದ್ದವರು ಅಂದರು: 'ಅಕೌಂಟ್ಸ್ ಕ್ಲಾಸ್ ಮುಂಜಾನಿ ಇಡೋಣೇಳವ್ವ. ಸಂಜೀ ಮುಂದ ನಾ ಜೇವರ್ಗಿ ಮುಟ್ಟಬೇಕಾಗೇದ.'

ಹುಡುಗಿ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು. ನಾನು ನನ್ನ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಒಂದನ್ನೇ ಯೋಚಿಸುತ್ತಿದ್ದೆ.

ಖಾಲಿ ಬಂಡಿ ಓಡಿಸಿಕೊಂಡು ಮೊದಲು ಮುಟ್ಟಿದವರನ್ನು ಗೆದ್ದವರು ಅಂತ ಕರೆಯಲು ನಮಗೆ ಕಲಿಸಿದವರು ಯಾರು?