ಹೂಸ್ಟನ್ನಿನಲ್ಲಿ ನಾನು ಬರೆದ ಪಡುವಣ ಗೋಡೆ

ವಾಸ್ತುಶಿಲ್ಪ ಓದಲೆಂದು ಟೆಕ್ಸಾಸಿನ ಆಸ್ಟಿನ್‌ಗೆ ಬಂದ ಐದನೆಯ ದಿನ, ಕತ್ತಲು ಮಾಡಿದ ತರಗತಿಯಲ್ಲಿ, ಮೊಣಕಾಲುದ್ದದ ಚರ್ಮದ ಬೂಟು ಹಾಕಿಕೊಂಡಿದ್ದ ಅರವತ್ತರ ಅಮೆರಿಕನ್ ಹೆಂಗಸೊಬ್ಬರು ನನ್ನೂರಿನ ಮಸೀದಿಯನ್ನು ನನಗೇ ತೋರಿಸಿದರು. ಪರದೆಯ ಮೇಲೆ ವಿಶಾಲವಾದ ಹಜಾರ, ದಪ್ಪ ಕಂಬಗಳು, ನೆಲದಲ್ಲಿ ಒಬ್ಬೊಬ್ಬರು ನಿಲ್ಲಲು ಒಂದೊಂದರಂತೆ ಗೆರೆ ಎಳೆದ ಚೌಕಗಳು, ಆಚೆ ತುದಿಯಲ್ಲಿ ಬಂಗಾರದ ಬಣ್ಣದ ಗೂಡು. "ವಿಜಾಪುರ. ಇದು ನಿನ್ನ ಊರಲ್ಲವೇ?" ಎಂದು ಪ್ರೊಫೆಸರ್ ನನ್ನ ಕಡೆ ತಿರುಗಿದರು. ಇಡೀ ತರಗತಿ ತಿರುಗಿತು. "ಹೌದು, ನಮ್ಮ ಮನೆಯಿಂದ ನಡೆದು ಹೋದರೆ ಐದು ನಿಮಿಷ" ಎಂದೆ. ಅದು ನಿಜ. ಆ ಚೌಕಗಳನ್ನು ನಾನು ನೋಡಿದ್ದು ಮಾತ್ರ ಅದೇ ಮೊದಲು.

ಇಪ್ಪತ್ನಾಲ್ಕು ವರ್ಷ ಅದರ ಕಾಂಪೌಂಡಿನ ಪಕ್ಕದಲ್ಲೇ ಶಾಲೆಗೆ, ಕಾಲೇಜಿಗೆ ಓಡಾಡಿದವಳು ನಾನು. ಸಂಜೆಯ ಆಜಾನ್ ಕೇಳಿದರೆ ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಮ್ಮ ಮನೆಯ ಗಡಿಯಾರ ಅದೇ. ಒಳಗೆ ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಅವ್ವ, "ಅಲ್ಲೇನೈತಿ ನಿಂದು? ಸುಮ್ನ ಸಾಲಿಗಿ ಹೋಗು" ಎಂದಿದ್ದಳು. ಅಷ್ಟೇ. ನೆಂಟರು ಬಂದಾಗೆಲ್ಲ ಗೋಳಗುಮ್ಮಟ ಹತ್ತಿ ಕೂಗು ಹಾಕಿ ಬರುತ್ತಿದ್ದೆವು. ಮಸೀದಿ ಮಾತ್ರ ಇದ್ದಲ್ಲೇ ಇತ್ತು, ನಾವು ನಮ್ಮಷ್ಟಕ್ಕೆ ಇದ್ದೆವು. ಅದನ್ನು ತಪ್ಪು ಅಂತ ನಾನು ಎಂದೂ ಎಣಿಸಿರಲಿಲ್ಲ.

ಆಸ್ಟಿನ್ನಿನ ಬಿಸಿಲು ನಮ್ಮೂರಿನ ಬಿಸಿಲೇ. ಆದರೆ ನಮ್ಮೂರಲ್ಲಿ ಬಿಸಿಲಿಗೆ ಹೆದರಿ ನೆರಳಿಗೆ ಹೋದರೆ ಹಾಯೆನಿಸುತ್ತದೆ. ಇಲ್ಲಿ ಕಟ್ಟಡದೊಳಗೆ ಹೋದರೆ ಹಲ್ಲು ಕಟಕಟ ಅನ್ನುತ್ತದೆ. ಆಗಸ್ಟ್ ತಿಂಗಳಲ್ಲಿ ಶಾಲು ಹೊದ್ದು ಗ್ರಂಥಾಲಯದಲ್ಲಿ ಕೂತವಳು ನಾನೊಬ್ಬಳೇ. ನೆಲ್ಲೂರಿನ ಹುಡುಗಿಯೊಬ್ಬಳ ಜೊತೆ ಎರಡು ಕೋಣೆಯ ಅಪಾರ್ಟ್‌ಮೆಂಟು. ಅವಳಿಗೆ ಅನ್ನ ಸಿಕ್ಕರೆ ಸ್ವರ್ಗ. ನನಗೆ ಜೋಳದ ರೊಟ್ಟಿ ಬೇಕು. ಜೋಳದ ಹಿಟ್ಟು ಆಗ ಎಲ್ಲಿಯೂ ಸಿಗಲಿಲ್ಲ. ಮೆಕ್ಸಿಕನ್ ಅಂಗಡಿಯಲ್ಲಿ 'ಮಾಸಾ' ಎಂಬ ಹಿಟ್ಟು ಸಿಕ್ಕಿತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ್ದು. ಎರಡು ವಾರ ಬಡಿದದ್ದೆಲ್ಲ ಹರಿದು ಚೂರಾಯಿತು. ಮೂರನೆಯ ವಾರ ಒಂದು ರೊಟ್ಟಿ ದುಂಡಗೆ ಎದ್ದಿತು. ಶೇಂಗಾ ಹಿಂಡಿ ಹಚ್ಚಿಕೊಂಡು ನಿಂತಲ್ಲೇ ತಿಂದೆ.

ಭಾಷೆಯೂ ಹಾಗೆಯೇ ಒಗ್ಗಿತು. ಟೆಕ್ಸಾಸಿನವರು ಎದುರಿಗಿದ್ದವರನ್ನೆಲ್ಲ ಸೇರಿಸಿ 'ಯಾಲ್' ಅನ್ನುತ್ತಾರೆ, ಅಂದರೆ ನೀವೆಲ್ಲ ಎಂದು. ನಮ್ಮ 'ರೀ' ಥರವೇ ಅದರಲ್ಲಿ ಒಂದು ಆತ್ಮೀಯತೆ ಇದೆ. ಬೆಂಗಳೂರಿನ ಗೆಳತಿಯರು ನನ್ನ 'ರೀ' ಕೇಳಿ ನಗುತ್ತಿದ್ದರು. ಟೆಕ್ಸಾಸಿನವರು ನನ್ನ 'ಯಾಲ್' ಕೇಳಿ ನಕ್ಕರು. ನಗಿಸುವುದೇ ನನ್ನ ಹಣೆಬರಹ ಅಂದುಕೊಂಡು ಸುಮ್ಮನಾದೆ.

ಎರಡನೆಯ ವರ್ಷ ಅದೇ ಪ್ರೊಫೆಸರ್ ಬಳಿ ಸಹಾಯಕಿಯ ಕೆಲಸ ಸಿಕ್ಕಿತು. ಇಸ್ಲಾಮಿನ ಮೊದಲ ಶತಮಾನಗಳ ಕಲೆ ಅವರ ವಿಷಯ. ಸ್ಲೈಡು ಹಾಕುವುದು, ವಿದ್ಯಾರ್ಥಿಗಳ ಉತ್ತರ ತಿದ್ದುವುದು ನನ್ನ ಪಾಲಿಗೆ. ಮದೀನಾದ ಮೊದಲ ಮಸೀದಿ ಎಂದರೆ ಒಂದು ಮನೆಯ ಅಂಗಳ, ಖರ್ಜೂರದ ಮರದ ಕಾಂಡಗಳ ಮೇಲೆ ಗರಿಯ ಚಪ್ಪರ. ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ, ದಿಕ್ಕು ತೋರಿಸುವ ಗೂಡೂ ಇಲ್ಲ. 'ಮಿಹ್ರಾಬ್' ಎಂಬ ಆ ಗೂಡು ಬಂದದ್ದು ಆಮೇಲೆ. ದಮಾಸ್ಕಸ್ಸಿನ ಮಸೀದಿಯ ಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ನದಿ, ಮರ, ಮನೆಗಳು. ಮನುಷ್ಯ ಒಬ್ಬನೂ ಇಲ್ಲ. ಆ ಖಾಲಿ ಊರನ್ನು ಪರದೆಯ ಮೇಲೆ ನೋಡಿದಾಗಲೆಲ್ಲ ನನಗೆ ಮನೆಯ ನೆನಪು ಬರುತ್ತಿತ್ತು. ಎಲ್ಲಿ ಕಟ್ಟಿದರೂ ಮಸೀದಿ ನೋಡುವುದು ಮೆಕ್ಕಾದ ಕಡೆಗೆ, ಅದಕ್ಕೇ ದಮಾಸ್ಕಸ್ಸಿನಲ್ಲಿ ಅದು ದಕ್ಷಿಣ ಎಂದು ನಾನೇ ಹುಡುಗರಿಗೆ ಹೇಳಿಕೊಟ್ಟೆ. 'ಎಲ್ಲ ಮಸೀದಿಗಳೂ ಪೂರ್ವಕ್ಕೆ ಮುಖ ಮಾಡಿರುತ್ತವೆ' ಎಂದು ಬರೆದಿದ್ದ ಡಾಲಸ್ಸಿನ ಹುಡುಗನಿಗೆ ಕೆಂಪು ಮಸಿಯಲ್ಲಿ ಗೀಚಿ ಅಂಕ ಕಡಿದದ್ದೂ ನಾನೇ.

ದಸ್ತಗೀರ ಅಂಕಲ್ ಸಿಕ್ಕಿದ್ದು ಹೂಸ್ಟನ್ನಿನ ರಾಜ್ಯೋತ್ಸವದಲ್ಲಿ. ಶಾಲೆಯೊಂದರ ಸಭಾಂಗಣ, ಊಟಕ್ಕೆ ಬಿಸಿಬೇಳೆಭಾತಿನ ಸಾಲು. "ಸ್ವಲ್ಪ ಸರೀರಿ" ಎಂದ ನನ್ನ ಮಾತು ಕೇಳಿ, ನರೆತ ಗಡ್ಡದವರೊಬ್ಬರು ತಟ್ಟೆ ಹಿಡಿದುಕೊಂಡೇ ಓಡಿ ಬಂದರು.

"ಯಾವೂರವ್ವ ನಿಂದು?"

"ವಿಜಾಪುರ್ರೀ."

"ಯಾ ಓಣಿ?"

"ಜುಮ್ಮಾ ಮಸೀದಿ ಹತ್ತರ್ರೀ."

ಅವರ ಕಣ್ಣು ತುಂಬಿ ಬಂತು. ಕ್ಲಿಯರ್ ಲೇಕ್‌ನಲ್ಲಿ ಬಾಹ್ಯಾಕಾಶ ಕೇಂದ್ರದ ಕೆಲಸ. ನೌಕೆಗಳ ದಾರಿ ಲೆಕ್ಕ ಹಾಕುವ ಎಂಜಿನಿಯರ್. ಊರು ಬಿಟ್ಟು ಮೂವತ್ತು ವರ್ಷ. ಈಗ ವಿಜಾಪುರದಲ್ಲಿ ಅವರ ಕಡೆಯವರು ಯಾರೂ ಇಲ್ಲ. ದೇಶಕ್ಕೆ ಹೋದರೂ ಹೆಂಡತಿ ಶಮೀಮ್ ಆಂಟಿಯ ತವರು ಹೈದರಾಬಾದಿಗೆ ಹೋಗಿ ಬರುತ್ತಾರೆ. ಅಂದು ಅವರು ತಟ್ಟೆಯ ಅನ್ನ ಆರುವವರೆಗೂ ಕೇಳುತ್ತಲೇ ಹೋದರು.

"ಒಳಗ ಹೋಗೀಯೇನವ್ವ? ನಮ್ಮ ಅಜ್ಜನ ಜೋಡಿ ನಾ ನಿಲ್ಲೂ ಚೌಕ ಎಡಗಡೆ ಮೂರನೇ ಕಂಬದ ಬಾಜೂಕ ಇತ್ತು. ಇನ್ನೂ ಐತೇನ ಗೆರಿ?"

"ಐತ್ರೀ ಅಂಕಲ್. ಸಣ್ಣಾಕಿದ್ದಾಗ ದಿನಾ ಅಲ್ಲೇ ಆಡ್ತಿದ್ದೆ. ನಾನ ನೋಡೀನಿ" ಎಂದೆ.

ಯಾಕೆ ಹಾಗೆಂದೆ? ಮುದುಕರ ಮನಸ್ಸು ನೋಯಿಸಬಾರದು ಅಂತ, ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಷ್ಟು ಆಸೆಯಿಂದ ನನ್ನ ಮುಖ ನೋಡುವವರು ಆ ದೇಶದಲ್ಲಿ ಇನ್ನೊಬ್ಬರಿರಲಿಲ್ಲ. ಸ್ಲೈಡಿನಲ್ಲಿ ನೋಡಿದ್ದನ್ನೆಲ್ಲ ಬಾಲ್ಯದಲ್ಲಿ ಕಂಡಂತೆ ಬಣ್ಣಿಸಿದೆ. ಅಲ್ಲಿಂದ ತಿಂಗಳಿಗೊಮ್ಮೆ ಅವರ ಮನೆಯ ಊಟ, ಆಂಟಿಯ ದಾಲ್ಚಾ ಎಂಬ ಹುಳಿ ಬೇಳೆಸಾರು, ವಿಜಾಪುರದ ಓಣಿ ಓಣಿ ಸುತ್ತುವ ಮಾತು.

ಮರುವರ್ಷ ಅವರ ಜಮಾತಿನವರು, ಅಂದರೆ ಜೊತೆಯಾಗಿ ನಮಾಜು ಮಾಡುವ ಮಂದಿ, ಮುಚ್ಚಿಹೋದ ಪೀಠೋಪಕರಣದ ಅಂಗಡಿಯೊಂದನ್ನು ಕೊಂಡು ಮಸೀದಿ ಮಾಡಲು ಹೊರಟರು. ಒಳಗಿನ ನಕ್ಷೆ ಬರೆಯಲು ಅಂಕಲ್ ನನ್ನ ಹೆಸರು ಹೇಳಿದರು. "ಮಸೀದಿ ನೆರಳಾಗ ಬೆಳದಾಕಿ. ಆಕೀಗಿಂತ ಯಾರಿಗಿ ಗೊತ್ತಿರತೈತಿ?" ಎಂದು ಎಲ್ಲರ ಬಾಯಿ ಮುಚ್ಚಿಸಿದರಂತೆ. ನಾನು ಉಬ್ಬಿಹೋದೆ. ನನ್ನ ಬದುಕಿನ ಮೊದಲ ಕಟ್ಟಡ. ಅಂಗಡಿಯ ಬಾಗಿಲು ಪೂರ್ವಕ್ಕೆ, ಹಿಂದಿನ ಗೋಡೆ ಪಶ್ಚಿಮಕ್ಕೆ. ನಮ್ಮೂರಲ್ಲಿ ಮಸೀದಿಯೊಳಗೆ ಕಾಲಿಡದವನಿಗೂ ಗೊತ್ತಿರುವ ಒಂದು ಸಂಗತಿ ಇದೆ: ನಮಾಜು ಪಡುವಣಕ್ಕೆ. ಹೊಲದಲ್ಲಿ ಚಾದರ ಹಾಸಿ ನಿಂತವರನ್ನು ನೋಡಿಯೇ ನಾವು ಸಂಜೆ ದಿಕ್ಕು ಹೇಳುತ್ತಿದ್ದೆವು. ಪೆನ್ಸಿಲ್ ತಾನಾಗಿಯೇ ಹಿಂದಿನ ಗೋಡೆಗೆ ಹೋಯಿತು. ಚೆಂದದ ಗೂಡು ಬರೆದೆ, ಕಮಾನು ಬರೆದೆ, ಅದಕ್ಕೆ ಎದುರಾಗಿ ಜಮಖಾನೆಯ ಸಾಲು ಎಳೆದೆ. ಹೂಸ್ಟನ್ನಿನಿಂದ ಪಶ್ಚಿಮಕ್ಕೆ ಹೋದರೆ ಇರುವುದು ಶಾಂತಸಾಗರ, ಮೆಕ್ಕಾ ಅಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಂಕಲ್ ನಕ್ಷೆಯನ್ನು ಮೇಲೆ ಮೇಲೆ ನೋಡಿ, "ಭಾಳ ಚೆಂದಾತು" ಎಂದು, ಆಂಟಿಯ ತಾಯಿಗೆ ಹುಷಾರಿಲ್ಲವೆಂದು ಹೈದರಾಬಾದಿಗೆ ಹೊರಟರು. ಗೋಡೆ ಕಟ್ಟಿದ ಮೆಕ್ಸಿಕನ್ ಕೆಲಸಗಾರರಿಗೆ ಅದು ಬರೀ ಒಂದು ಗೂಡು. ಜಮಾತಿನವರು ಅಂಕಲ್ ಮೇಲೆ, ಅಂಕಲ್ ನನ್ನ ಮೇಲೆ ಭಾರ ಹಾಕಿ ನಿಶ್ಚಿಂತರಾಗಿದ್ದರು.

ರಂಜಾನಿಗೆ ಇನ್ನು ಎರಡು ವಾರ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ಜಮಖಾನೆ ಹಾಸಲು ಇಪ್ಪತ್ತು ಮಂದಿ ಸೇರಿದ್ದರು. ಹಿಂದಿನ ದಿನವಷ್ಟೇ ವಿಮಾನ ಇಳಿದಿದ್ದ ಅಂಕಲ್ ನಿದ್ದೆಗಣ್ಣಲ್ಲೇ ಬಂದಿದ್ದರು. ನಾನು ಆಸ್ಟಿನ್ನಿನಿಂದ ಹೊಸ ಸಲ್ವಾರ್ ಹಾಕಿಕೊಂಡು ಹೊಗಳಿಸಿಕೊಳ್ಳಲು ಬಂದಿದ್ದೆ. ಜಮಾತಿನ ಹಿರಿಯರಾದ ಈಜಿಪ್ಟಿನ ಡಾಕ್ಟರೊಬ್ಬರು ಗೂಡಿನ ಮುಂದೆ ನಿಂತು ಸುತ್ತ ನೋಡಿದರು. ಕಿಟಕಿಯ ಬಿಸಿಲು ನೋಡಿದರು. ಬೀಗದ ಕೈಗೊಂಚಲಿನಲ್ಲಿದ್ದ ದಿಕ್ಸೂಚಿ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಇದು ಪಶ್ಚಿಮ. ಇಲ್ಲಿಂದ ಮೆಕ್ಕಾ ಈಶಾನ್ಯಕ್ಕೆ. ನಾವೆಲ್ಲ ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕೇ? ಇದನ್ನು ಹೇಳಿದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಕ್ಷೆ ನನ್ನ ಕೈಯಲ್ಲಿತ್ತು. ಮೂಲೆಯಲ್ಲಿ ನನ್ನ ಹೆಸರು. ಅಂಕಲ್ ಆ ಹೆಸರು ನೋಡಿದರು, ನನ್ನ ಮುಖ ನೋಡಿದರು.

"ನಾನೇ. ಹುಡುಗಿಗೆ ಪಶ್ಚಿಮ ಅಂತ ಹೇಳಿದ್ದು ನಾನೇ. ನಮ್ಮ ದೇಶದ ಅಭ್ಯಾಸ, ಮರೆತುಬಿಟ್ಟೆ" ಎಂದರು.

ಯಾರೋ, "ಆಕಾಶನೌಕೆಗೆ ದಾರಿ ಹೇಳುವವರು ಇವರೇ ಅಲ್ಲವೇ?" ಎಂದರು. ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು, ಕಿವಿಯವರೆಗೂ ಕೆಂಪಾಗಿ. ನನಗೆ ಬಾಯಿ ಇತ್ತು. ನಾಲ್ಕು ಶಬ್ದ ಸಾಕಿತ್ತು. ನಾನು ಮಾಡಿದ್ದು, ನನ್ನ ಹೆಸರು ಒಳಗೆ ಹೋಗುವಂತೆ ನಕ್ಷೆಯನ್ನು ಸುರುಳಿ ಸುತ್ತಿದ್ದು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನನಗೇ ಅಸಹ್ಯವೆನಿಸುತ್ತದೆ.

ಅಂದು ಸಂಜೆ ತಮ್ಮ ಮನೆಯ ಅಡುಗೆಮನೆಯಲ್ಲಿ ಅಂಕಲ್ ನನ್ನನ್ನು ಬೈಯಲಿಲ್ಲ. ಕಿತ್ತಳೆಹಣ್ಣಿನ ಮೇಲೆ ಎರಡು ಲವಂಗ ಚುಚ್ಚಿ, ಇದು ಹೂಸ್ಟನ್, ಇದು ಮೆಕ್ಕಾ ಎಂದು, ದಾರ ಬಿಗಿದು, ಅತಿ ಹತ್ತಿರದ ದಾರಿ ಹೇಗೆ ಈಶಾನ್ಯಕ್ಕೆ ಹೋಗುತ್ತದೆ ಎಂದು ತೋರಿಸಿದರು. ಹುಡುಗರಿಗೆ ದಮಾಸ್ಕಸ್ಸಿನ ದಿಕ್ಕು ಕಲಿಸುತ್ತಿದ್ದ ಈ ಮೇಡಂ ತಲೆ ತಗ್ಗಿಸಿ ಕಿತ್ತಳೆ ನೋಡಿದಳು.

ಗೂಡು ಒಡೆದರು. ನಾನು ಎರಡು ರಾತ್ರಿ ಹಗಲು ಕೂತು ಹೊಸ ನಕ್ಷೆ ಬರೆದೆ: ಮಿಹ್ರಾಬು ಈಶಾನ್ಯದ ಮೂಲೆಗೆ, ಸಾಲುಗಳು ಗೋಡೆಗೆ ಓರೆಯಾಗಿ. ಹಾಗೆ ಓರೆ ಹಾಸಿದರೆ ಸಾಕಷ್ಟು ಜಾಗ ಮೂಲೆಗಳಲ್ಲಿ ಪೋಲಾಗುತ್ತದೆ, ಆದರೂ ನಡೆಯಿತು. ಕಟ್ಟಡದ ಸಮಿತಿಯಿಂದ ಅಂಕಲ್ ತಾವಾಗಿಯೇ ಹೊರಗೆ ಬಂದರು. ಯಾರೂ ತಡೆಯಲಿಲ್ಲ.

ರಂಜಾನಿನ ಮೊದಲ ಶನಿವಾರ ನನ್ನನ್ನೂ ಉಪವಾಸ ಬಿಡುವ ಹೊತ್ತಿಗೆ ಕರೆದರು. ಖರ್ಜೂರ, ಸಮೋಸಾ, ನೈಜೀರಿಯಾದ ಯಾರೋ ತಂದ ಖಾರದ ಅನ್ನ. ಡಾಕ್ಟರು ಮೈಕು ಹಿಡಿದು, ಹಿರಿಯರೊಬ್ಬರಿಂದ ಆದ ತಪ್ಪನ್ನು ಕಡಿಮೆ ಸಮಯದಲ್ಲಿ ಸರಿಪಡಿಸಿದ ಈ ಹುಡುಗಿಗೆ ನಮ್ಮ ಕೃತಜ್ಞತೆ ಎಂದರು. ಸಿಹಿಯ ಡಬ್ಬಿ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ನಾನು ಡಬ್ಬಿ ತೆಗೆದುಕೊಂಡೆ.

ಅಂಕಲ್ ಬಾಗಿಲ ಬಳಿ ಜನ ಅಡ್ಡಾದಿಡ್ಡಿ ಬಿಟ್ಟಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಇಡುತ್ತಿದ್ದರು. ಅವರ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಅಂಕಲ್, ಎಲ್ಲಾರ ಮುಂದ ಖರೇ ಹೇಳಿಬಿಡ್ತೀನ್ರಿ."

"ಗ್ವಾಡಿ ಮಾತ ಬಿಡವ್ವ. ಒಡದ್ವಿ, ಕಟ್ಟಿದ್ವಿ, ಮುಗೀತು. ನೀ ಇನ್ನ ಸಣ್ಣಾಕಿ, ಹೆಸರ ಕೆಡಬಾರದು."

ಅಷ್ಟಕ್ಕೆ ಎದ್ದು ಹೋಗಿದ್ದರೆ ನಾನು ಅವರ ಮುದ್ದಿನ ಹುಡುಗಿಯಾಗಿಯೇ ಉಳಿಯುತ್ತಿದ್ದೆ. ಆದರೆ ಅಷ್ಟು ಒಳ್ಳೆಯತನ ನುಂಗಲಾಗಲಿಲ್ಲ.

"ಇನ್ನೊಂದೈತ್ರಿ. ಊರಾಗ ನಾ ಮಸೀದಿ ಒಳಗ ಹೋಗೇ ಇಲ್ರಿ. ಆ ಕಂಬ, ಆ ಗೆರಿ, ಯಾವ್ದೂ ನೋಡಿಲ್ಲ. ಇಲ್ಲಿ ಕ್ಲಾಸಿನ್ಯಾಗ ಫೋಟೋದಾಗ ನೋಡಿದ್ದು."

ಅವರ ಕೈಯಲ್ಲಿದ್ದ ಚಪ್ಪಲಿ ಹಾಗೆಯೇ ನಿಂತಿತು.

"ಒಮ್ಮೆನೂ?"

"ಒಮ್ಮೆನೂ ಇಲ್ರಿ."

"ಯಾರರ ಬ್ಯಾಡ ಅಂದಿದ್ರೇನು?"

"ಇಲ್ರಿ. ಯಾರೂ ಅಂದಿಲ್ಲ."

ಯಾರಾದರೂ ಬೇಡವೆಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಅವರು ಚಪ್ಪಲಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ನೌಕೆಯ ಮಾತಿಗೆ ಎಲ್ಲರೂ ನಕ್ಕಾಗಲೂ ಆ ಮುಖ ಹಾಗಾಗಿರಲಿಲ್ಲ.

"ಇಪ್ಪತ್ನಾಕು ವರ್ಷ ಬಾಜೂಕ ಇದ್ದು, ಒಮ್ಮೆನೂ ಬರಲಿಲ್ಲಲ್ಲವ್ವ" ಎಂದರು. ಆಮೇಲೆ ಉಳಿದ ಚಪ್ಪಲಿ ಜೋಡಿಸತೊಡಗಿದರು.

ಮರುವಾರ ಡಾಕ್ಟರಿಗೆ ಫೋನ್ ಮಾಡಿ ಗೋಡೆಯ ತಪ್ಪು ನನ್ನದೆಂದು ಹೇಳಿದೆ. ಅವರು ನಕ್ಕು, ಆದದ್ದಾಯಿತು ತಂಗಿ, ಎಂದರು. ಅಂಕಲ್ ಮತ್ತೆ ಸಮಿತಿಗೆ ಹೋಗಲಿಲ್ಲ.

ಈಗ ನಾನು ಡಾಲಸ್ಸಿನಲ್ಲಿ ಕೆಲಸಕ್ಕಿದ್ದೇನೆ, ಹತ್ತಿರದ ಫ್ಲವರ್ ಮೌಂಡ್‌ನಲ್ಲಿ ಮನೆ. ಹೂಸ್ಟನ್ನಿಗೆ ಹೋದಾಗೆಲ್ಲ ದಸ್ತಗೀರ ಅಂಕಲ್ ಮನೆಯ ಊಟ ತಪ್ಪಿಲ್ಲ. ಬಾ ಅವ್ವ ಎಂದೇ ಕರೆಯುತ್ತಾರೆ. ಆಂಟಿ ದಾಲ್ಚಾ ಬಡಿಸುತ್ತಾರೆ. ಮಳೆ, ಮೊಣಕಾಲು ನೋವು, ನನ್ನ ಆಫೀಸು, ಎಲ್ಲ ಮಾತಾಡುತ್ತೇವೆ. ವಿಜಾಪುರದ ಮಾತನ್ನು ಅಂಕಲ್ ತೆಗೆಯುವುದಿಲ್ಲ. ನಾನಾಗಿ ತೆಗೆಯಲು ನನಗೆ ಮುಖವಿಲ್ಲ. ಇಲ್ಲಿಯ ಕನ್ನಡ ಸಂಘದಲ್ಲಿ ಯಾರಾದರೂ ನನ್ನನ್ನು ವಿಜಾಪುರದವರು ಎಂದು ಪರಿಚಯಿಸಿದರೆ ಹೌದೆನ್ನುತ್ತೇನೆ, ಊರು ಬಿಟ್ಟು ಬಂದೆ ಎಂದು ಎಲ್ಲರ ಹಾಗೆ ನಿಟ್ಟುಸಿರನ್ನೂ ಬಿಡುತ್ತೇನೆ. ಆ ಊರಿನ ಅರ್ಧಕ್ಕೆ ನಾನು ಹೋಗಿಯೇ ಇರಲಿಲ್ಲ.