ಬಾಣಂತಿಗೆ ಕೊಬ್ಬರಿ ತರದ ಜೋಯಿಸರು

ಕ್ರಿಸ್ಮಸ್ ಬೋಧನೆಗೆಂದು ತಿಪಟೂರಿನ ಹತ್ತಿರದ ಒಂದು ಊರಿಗೆ ಹೋಗಿದ್ದೆ. ಚರ್ಚಿನಲ್ಲಿ ಬೊಂಬೆಗಳನ್ನಿಟ್ಟು ಕಟ್ಟಿದ್ದ ಗೋದಲಿಗೆ ತೆಂಗಿನ ಗರಿ ಕೊಟ್ಟಿದ್ದ ಪಕ್ಕದ ತೋಟದ ಗಂಗಮ್ಮನವರೂ ಮುಂದೆಯೇ ಬಂದು ಕೂತಿದ್ದರು. ಮೂಡಣ ದೇಶದ ಜೋಯಿಸರು ಯೇಸುಕಂದನಿಗೆ ತಂದ ಚಿನ್ನ, ಧೂಪ, ರಕ್ತಬೋಳ, ಒಂದೊಂದಕ್ಕೂ ಆಳವಾದ ಅರ್ಥವಿದೆ ಅಂದೆ.

“ಅದ್ರಾಗೆ ಅರ್ಥ ಏನ್ ಬಂತು ಪಾದ್ರಿಗಳೇ? ಧೂಪ ನೀರು ಹುಯ್ದ ತಲೆ ಆರ್ಸಕ್ಕೆ, ಬೋಳ ಬಾಣಂತಿ ಔಷ್ದಿಗೆ. ಅಷ್ಟು ದೂರದಿಂದ ಬಂದೋರು ಒಂದು ಗಿಟುಕು ಕೊಬ್ಬರಿ ತರಲಿಲ್ವಲ್ಲಾ!”

ಗಂಗಮ್ಮನವರು ಹೇಳಿದವರೇ ಎದ್ದುಹೋಗಿ, ಸೆರಗಿನ ತುಂಬ ಕೊಬ್ಬರಿ ತಂದು ಮರಿಯಳ ಬೊಂಬೆಯ ಮುಂದೆ ಸುರಿದರು. ಉಳಿದ ಹೆಂಗಸರೂ ತಂದರು. ಪಕ್ಕದಲ್ಲಿದ್ದ ಅವಳ ಗಂಡ ಯೋಸೇಫ ಕುತ್ತಿಗೆವರೆಗೆ ಮುಚ್ಚಿಹೋದ.

“ಬೋಧನೆ ಮುಂದುವರಿಸಲಾ?” ಅಂದೆ.

“ಬಾಣಂತಿ ಮಲಗ್ಲಿ, ಸುಮ್ನಿರಿ,” ಅಂದರು ಗಂಗಮ್ಮನವರು.

ಸುವಾರ್ತೆಯಲ್ಲಿ ಯೋಸೇಫ ಒಂದು ಮಾತೂ ಆಡುವುದಿಲ್ಲ. ಯಾಕೆಂದು ಅವತ್ತು ತಿಳಿಯಿತು.